ಬಂಗಾರದ ಹದ್ದು ಆಟಕ್ಕೆ ಬರುತ್ತದೆಯೇ?

ನನಗೊಂದು ಚಟವಿದೆ, ಹೇಳಿಬಿಡುತ್ತೇನೆ: ಬೆಲೆಯುಳ್ಳ ಕಾಗದ ಕಂಡರೆ ಲ್ಯಾಮಿನೇಷನ್ ಮಾಡಿಸುತ್ತೇನೆ. ತಪ್ಪು ನನ್ನದಲ್ಲ, ಇಲಿಯದು. ಪಾಮನಕಲ್ಲೂರಿನ ಮನೆಯಲ್ಲಿ ಅವ್ವ ಟ್ರಂಕಿನಲ್ಲಿಟ್ಟಿದ್ದ ನನ್ನ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಗಣಿತದ ಅಂಕವನ್ನಷ್ಟೇ ಆರಿಸಿ ತಿಂದಿತ್ತು. ನಮ್ಮ ಮನೆತನದಲ್ಲಿ ಜೋಪಾನ ಮಾಡುವಂಥ ಮೊದಲ ಕಾಗದವೇ ಅದು. ಅಂದಿನಿಂದ ಜಾತಿ ಪ್ರಮಾಣಪತ್ರದಿಂದ ಹಿಡಿದು ನನ್ನ ಲಗ್ನಪತ್ರಿಕೆಯವರೆಗೆ ಎಲ್ಲಕ್ಕೂ ಮಸ್ಕಿಯ ಝೆರಾಕ್ಸ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಅಂಗಿ ತೊಡಿಸಿದ್ದೇನೆ.

ಹೀಗಿರುವಾಗ ನನ್ನ ಹನ್ನೊಂದು ವರ್ಷದ ಮಗಳು ಸುಮಾ ಕೊಂಡ ಕಾರ್ಡಿನ ಪೊಟ್ಟಣದಲ್ಲಿ ಬಂಗಾರದ ಹದ್ದು ಬಂತು. ಆಟ ಗೊತ್ತಿಲ್ಲದವರಿಗೆ ಒಂದು ಮಾತು: ತಾವು ಕೂಡಿಹಾಕಿದ ಕಾರ್ಡುಗಳಲ್ಲಿ ಮೂವತ್ತನ್ನು ಆರಿಸಿ ಕಟ್ಟು ಮಾಡಿ, ಒಂದೊಂದೇ ಎಳೆಯುತ್ತಾ, ಪ್ರಾಣಿಗಳನ್ನು ಕಾಳಗಕ್ಕೆ ಇಳಿಸಬೇಕು. ಇಡೀ ಲಿಂಗಸುಗೂರು ಕಡೆಗೆ ಇಂಥ ಹದ್ದು ಇದೊಂದೇ ಎಂದು ಸುಮಾಳ ಗೆಳತಿಯರ ತೀರ್ಪು.

ಸಿಂಧನೂರಿನಲ್ಲಿರುವ ತನ್ನ ಸೋದರಮಾವನ ಮಗಳು ಶ್ವೇತಾಳಿಗೆ ಸುಮಾ ಸಾಲಾಗಿ ಐದು ಭಾನುವಾರ ಸೋತಿದ್ದಳು. ಆರನೆಯದೂ ಹೋದರೆ ಇನ್ನು ಕಾರ್ಡು ಮುಟ್ಟುವುದಿಲ್ಲವೆಂದು ಹಟ ಹಿಡಿದಿದ್ದಳು. ಹದ್ದಿದ್ದರೆ ಗೆದ್ದಂತೆಯೇ ಎಂದೆ ನಾನು. ಅವಳು ನಂಬದೆ ನನ್ನನ್ನೇ ಎದುರು ಕೂರಿಸಿಕೊಂಡು ಪರೀಕ್ಷೆಗೆ ಇಳಿದಳು. ಹದ್ದನ್ನು ಇಳಿಸಲು ಕೈಯಲ್ಲಿನ ಮೂರು ಕಾರ್ಡು ಬಿಟ್ಟುಕೊಡಬೇಕು. ಅಷ್ಟು ಕೂಡುವುದರೊಳಗೆ ನನ್ನಂಥವನೂ ಗೆದ್ದುಬಿಡುತ್ತಿದ್ದ. ಪ್ರತಿ ಪೊಟ್ಟಣದಲ್ಲೂ ಸಿಗುವ ಮಣ್ಣಿನ ಆಮೆಯೋ, ಇಳಿದ ಕೂಡಲೇ ಎರಡು ಹೊಸ ಕಾರ್ಡು ತಂದುಕೊಡುತ್ತಿತ್ತು.

“ಅಪ್ಪಾ, ಹದ್ದು ನೋಡಾಕ ಛಂದ ಐತಿ. ಆಟಕ್ಕ ಬರಂಗಿಲ್ಲ,” ಎಂದಳು.

ನನಗೆ ನಿಜಕ್ಕೂ ಸಂಕಟವಾಯಿತು. ಅಪರೂಪದ್ದೆಲ್ಲ ಉಪಯೋಗಕ್ಕೆ ಬಾರದೆಂದರೆ, ಗೋಡೆಯ ಮೇಲಿನ ನನ್ನ ಎಂ.ಎ. ಚಿನ್ನದ ಪದಕದ ಗತಿಯೇನು? ಕಾಡಿ ಬೇಡಿ ಹದ್ದನ್ನು ಕಟ್ಟಿಗೆ ಸೇರಿಸಿದೆ. ಶನಿವಾರ, ಅವಳಿಗೆ ಹೇಳದೆ, ಲ್ಯಾಮಿನೇಷನ್ನೂ ಮಾಡಿಸಿಬಿಟ್ಟೆ.

ಭಾನುವಾರ ಸಿಂಧನೂರಿನಲ್ಲಿ ಶ್ವೇತಾ ಸುಮಾಳ ಕಟ್ಟನ್ನು ಕಲಸಿದಳು. ಉಳಿದ ಇಪ್ಪತ್ತೊಂಬತ್ತರ ನಡುವೆ ನಮ್ಮ ಹದ್ದು ಪ್ಲಾಸ್ಟಿಕ್ ಅಂಚು ಚಾಚಿಕೊಂಡು ಎದ್ದು ಕಾಣುತ್ತಿತ್ತು. ಗುರುತಿರುವ ಕಾರ್ಡು ನಡೆಯುವುದಿಲ್ಲವೆಂದು ಅವಳು ತೆಗೆದಿಟ್ಟಳು, ನ್ಯಾಯವೇ. ಸುಮಾ ನನ್ನನ್ನು ನೋಡಿದ ನೋಟಕ್ಕೆ ನಾನು ಚಹಾದ ಕಪ್ಪಿನಲ್ಲಿ ಮುಖ ಇಟ್ಟೆ. ಹದ್ದಿನ ಜಾಗಕ್ಕೆ ಅವಳು ಇನ್ನೊಂದು ಆಮೆಯನ್ನು ಹಾಕಿಕೊಂಡಳು. ಆಮೆಗಳು ತಮ್ಮ ಪಾಡಿಗೆ ಎರಡೆರಡು ಕಾರ್ಡು ತಂದು ಸುರಿದವು. ಅರ್ಧ ಗಂಟೆಯಲ್ಲಿ ಸುಮಾ ಗೆದ್ದಳು. ಇದೆಲ್ಲ ನನ್ನ ಲ್ಯಾಮಿನೇಷನ್ನಿನ ಪುಣ್ಯವೆಂದು ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದೆ. ಅವಳು ಕಿಟಕಿಯ ಕಡೆ ತಿರುಗಿ ನಕ್ಕಳು.

ಹದ್ದು ಈಗ ಪದಕದ ಪಕ್ಕದಲ್ಲಿ ನೇತಾಡುತ್ತಿದೆ. ಎರಡರ ಧೂಳನ್ನೂ ಒರೆಸುವವಳು ನನ್ನ ಹೆಂಡತಿ. ನಿನ್ನೆ ಅವುಗಳ ಕೆಳಗೆ ಕೂತು ಇದನ್ನು ಬರೆಯುತ್ತಿದ್ದಾಗ, ನಾಲ್ಕು ದಿನದ ಮೇಲೆ ನಳದಲ್ಲಿ ನೀರು ಬಂತು. ಅವಳು ಕರೆಯುವ ಮುಂಚೆಯೇ ಎದ್ದೆ. ಎರಡು ಕೊಡ ತುಂಬಿ ಒಳಗಿಟ್ಟೆ, ಮತ್ತೆರಡು ತಂದೆ. ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ ಸುಮಾ ಅಡುಗೆಮನೆಗೆ ಕೇಳುವಂತೆ ಹೇಳಿದಳು:

“ಯವ್ವಾ, ಅಪ್ಪ ಆಟಕ್ಕ ಬರತಾನ ನೋಡು.”