ಮಾನಪತ್ರಕ್ಕೊಂದು ಮೊಳೆ

ನಮ್ಮ ವಿಜಯನಗರದ ಬಡಾವಣೆಯಲ್ಲಿ ಯಾರಿಗೇ ಸನ್ಮಾನವಾಗಲಿ, ಮಾನಪತ್ರ ಬರೆಯುವವನು ನಾನೇ. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಬೇರೆ ಕೆಲಸವಿಲ್ಲವೆಂದು ಜನ ನಂಬಿದ್ದಾರೆ. ಅದು ಸುಳ್ಳೂ ಅಲ್ಲ. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಪೇಟ ಎಲ್ಲವೂ ಅಂಗಡಿಯಲ್ಲಿ ಸಿಗುತ್ತವೆ. ಹೊಗಳಿಕೆ ಮಾತ್ರ ನಮ್ಮ ಮನೆಯಲ್ಲಿ ತಯಾರಾಗುತ್ತದೆ.

ಹೊಗಳಿ ಹೊಗಳಿ ನನಗೇ ವಾಕರಿಕೆ ಬಂದಿತ್ತು. ಅರಮನೆಗಳಲ್ಲಿ ಹೊಗಳುಭಟರ ಜೊತೆಗೆ ವಿದೂಷಕನೂ ಇರುತ್ತಿದ್ದನಲ್ಲ! ಹಳೆಯ ನಾಟಕಗಳಲ್ಲಂತೂ ಮಂತ್ರಿ ಹೇಳಲಾರದ್ದನ್ನು ಅವನು ಕಡುಬು ಮೆಲ್ಲುತ್ತಲೇ ಹೇಳಿಬಿಡುತ್ತಾನೆ. ನಮ್ಮ ವಚನಕಾರರು, ದಾಸರು ಡಂಭವನ್ನು ಕಂಡು ಸುಮ್ಮನೆ ಬಿಟ್ಟವರಲ್ಲ. ಬಯಲಾಟದ ಕೋಡಂಗಿ ಊರಗೌಡನನ್ನು ಮುಂದೆ ಕೂರಿಸಿಕೊಂಡೇ ಗೇಲಿ ಮಾಡುತ್ತಿದ್ದ. ಇಷ್ಟು ದೊಡ್ಡ ಪರಂಪರೆ ಬೆನ್ನಿಗಿರುವಾಗ ನಾನೇಕೆ ಹೆದರಬೇಕು?

ಅಷ್ಟರಲ್ಲಿ ನಮ್ಮ ಬಡಾವಣೆಯ ಸಂಘದ ಅಧ್ಯಕ್ಷ ಗಂಗಪ್ಪನವರಿಗೆ ಸನ್ಮಾನ ನಿಗದಿಯಾಯಿತು. ಪಕ್ಕದ ಹೊಸಹಳ್ಳಿಯ ಹಳೇ ಮನೆತನದವರು, ಹತ್ತು ವರ್ಷದಿಂದ ನನ್ನ ಬೆಳಗಿನ ವಾಕಿಂಗ್ ಜೊತೆಗಾರರು. ಎಂದಿನ ಗಂಭೀರ ಶೈಲಿಯಲ್ಲೇ ಬರೆದೆ: "ಅರ್ಧ ಗಂಟೆಯ ಸಭೆಯನ್ನು ಮೂರು ಗಂಟೆ ನಡೆಸಬಲ್ಲ ಧೀರರೇ! ಕರೆಂಟು ಹೋಗುವವರೆಗೂ ಮೈಕು ಬಿಡದ ಛಲಗಾರರೇ! ಪಾರ್ಕಿನ ಒಂದೇ ಕಲ್ಲುಬೆಂಚನ್ನು ಮೂರು ಸಲ ಉದ್ಘಾಟಿಸಿದ ಮಹನೀಯರೇ!"

ವೇದಿಕೆಯಲ್ಲಿ ಓದಿದೆ. ಒಬ್ಬರೂ ನಗಲಿಲ್ಲ. ಮಾನಪತ್ರವನ್ನು ಕೇಳಿಸಿಕೊಳ್ಳುವ ಪದ್ಧತಿಯೇ ನಮ್ಮಲ್ಲಿಲ್ಲ ಎಂಬುದನ್ನು ಮರೆತಿದ್ದೆ. ‘ರೇ’ ಎಂದು ದನಿ ಏರಿದಾಗ ಚಪ್ಪಾಳೆ ತಟ್ಟಿದರಾಯಿತು. ಪ್ರತಿ ಸಲವೂ ತಟ್ಟಿದರು, ಬೆಂಚಿನ ಮಾತಿಗೆ ತುಸು ಜಾಸ್ತಿಯೇ ತಟ್ಟಿದರು. ಕಿವಿಗೊಟ್ಟು ಕೇಳಿದವರು ಇಡೀ ಸಭೆಯಲ್ಲಿ ಇಬ್ಬರೇ: ಪೇಟ ಸುತ್ತಿಕೊಂಡು ಕೂತಿದ್ದವರು, ಮತ್ತು ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ.

ಮರುದಿನ ಗಂಗಪ್ಪನವರು ವಾಕಿಂಗಿಗೆ ಬರಲಿಲ್ಲ. ನಾಲ್ಕು ದಿನವಾದರೂ ಬರಲಿಲ್ಲ. ಒಬ್ಬನೇ ಪಾರ್ಕು ಸುತ್ತುವಾಗ ನಿಜಕ್ಕೂ ಸಂಕಟವಾಯಿತು.

"ಇರೋರೊಬ್ರು ಸ್ನೇಹಿತರು, ಅವರನ್ನೇ ಹಿಡ್ಕೊಂಡ್ರಲ್ಲ ನೀವು. ಹೋಗಿ ಮಾತಾಡ್ಸ್ಕೊಂಡ್ ಬನ್ನಿ," ಎಂದಳು ನನ್ನ ಹೆಂಡತಿ. ರಾಜನನ್ನು ಗೇಲಿ ಮಾಡಿದ ವಿದೂಷಕ ಅವನ ಜೊತೆಯಲ್ಲೇ ಊಟಕ್ಕೂ ಕೂರುತ್ತಿದ್ದ. ಅಷ್ಟೆಲ್ಲ ಓದಿಯೂ ಆ ಭಾಗ ನನ್ನ ಗಮನಕ್ಕೆ ಬಂದಿರಲಿಲ್ಲ.

ಐದನೆಯ ದಿನ ಅವರ ಮನೆಗೆ ಹೋದೆ. ಹಾಲ್‌ನಲ್ಲಿ ದೇವರ ಪಟದ ಪಕ್ಕ ನನ್ನ ಮಾನಪತ್ರ ಗಾಜು ಹಾಕಿಸಿಕೊಂಡು ನೇತಾಡುತ್ತಿತ್ತು. ಅವರ ಹೆಂಡತಿ ಕಾಫಿ ಕೊಡುತ್ತ, "ನಾನೇ ಹಾಕ್ಸಿದ್ದು ಮೇಷ್ಟ್ರೇ. ಬಂದೋರಿಗೆಲ್ಲಾ ಓದಿ ಹೇಳ್ತಾ ಇದೀನಿ. ಇಷ್ಟು ವರ್ಷ ನಾನು ಬಾಯ್ ಬಡ್ಕೊಂಡಿದ್ದೂ ಇದೇ ಅಲ್ವಾ?" ಎಂದರು. ಗಂಗಪ್ಪನವರು ನಗಲಿಲ್ಲ.

"ತಪ್ಪಾಯ್ತು," ಎಂದೆ.

"ಮೊದಲ್ನೇ ದಿನ ಬೇಜಾರಾಯ್ತು, ಸುಳ್ಳು ಹೇಳಲ್ಲ," ಎಂದರು ಗಂಗಪ್ಪನವರು. "ಆಮೇಲೆ ನಾನೂ ಬರೆಯಕ್ಕೆ ಕೂತೆ. ಅದಕ್ಕೇ ವಾಕಿಂಗ್ ತಪ್ಪೋಯ್ತು. ಮುಂದಿನ ತಿಂಗಳು ನಿಮಗೆ ಸನ್ಮಾನ ಮಾಡ್ತಾ ಇದೀವಿ, ಮಾನಪತ್ರ ನಂದೇ. ಆಗ್ಲೇ ನಾಲ್ಕು ಪುಟ ಆಗಿದೆ. ಸಭೇಲಿ ನೀವು ಗೊರಕೆ ಹೊಡೆಯೋ ವಿಷ್ಯಕ್ಕೆ ಇನ್ನೂ ಬಂದೇ ಇಲ್ಲ."

ಆಗ ನಕ್ಕರು ನೋಡಿ, ನನಗೆ ಹೋದ ಜೀವ ಬಂತು.

ಈಗ ಮತ್ತೆ ಇಬ್ಬರೂ ಜೊತೆಯಲ್ಲೇ ನಡೆಯುತ್ತೇವೆ. ಬೇರೆಯವರ ಕಾಲೆಳೆಯುವುದು ನನಗೆ ಕರತಲಾಮಲಕ. ಪೇಟ ಸುತ್ತಿಸಿಕೊಂಡು ಕೂತು ನಗುವುದನ್ನು ಮಾತ್ರ ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದೇನೆ. ಸಭೆಯಲ್ಲಿ ಹೇಗೂ ಯಾರೂ ಕೇಳಿಸಿಕೊಳ್ಳುವುದಿಲ್ಲ ಎಂಬುದೊಂದು ಧೈರ್ಯ. ಆದರೆ ನನ್ನ ಹೆಂಡತಿ ಈಗಲೇ ಹಾಲ್‌ನ ಗೋಡೆಗೆ ಮೊಳೆ ಹೊಡೆಸಿದ್ದಾಳೆ.