ಗದ್ದೆಗೆ ನೀರು ಬಿಟ್ಟ ಮಿಲ್ ಸಾಹುಕಾರರು

ಅವರ ಹುಬ್ಬಿನ ಮೇಲೆ ಸದಾ ತೌಡಿನ ಧೂಳು ಕೂತಿರುತ್ತಿತ್ತು. ಕೂಗುವಾಗ ಕತ್ತಿನ ಎಡಭಾಗದ ನರ ಹೆಬ್ಬೆರಳಿನಷ್ಟು ದಪ್ಪಗೆ ಉಬ್ಬಿ, ಹುಬ್ಬು ಮೇಲೇರಿ, ಆ ಧೂಳು ಸಣ್ಣಗೆ ಉದುರಿ ಕಪ್ಪು ಕೋಟಿನ ಮೇಲೆ ಬೀಳುತ್ತಿತ್ತು. ಕಂಪ್ಲಿಯಲ್ಲಿ ಅವರ ಅಕ್ಕಿ ಮಿಲ್ಲಿಗೂ ನಮ್ಮ ಮನೆಗೂ ಒಂದೇ ಗೋಡೆ. ದಿನವಿಡೀ ಎಂಜಿನ್ನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವರಿಗೆ ಮೆಲುದನಿಯೇ ಮರೆತುಹೋಗಿತ್ತು. ಊರಿಗೆಲ್ಲ ಅವರು ಮಿಲ್ ಸಾಹುಕಾರರು, ನನಗೂ ಹಾಗೆಯೇ.

ನಾನಾಗ ಹೊಸಪೇಟೆಯಲ್ಲಿದ್ದು ಬಳ್ಳಾರಿಯ ಒಂದು ವಾರಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ವಾರದ ಕೊನೆಗೆ ಊರಿಗೆ ಬಂದರೆ ಮಿಲ್ಲಿನ ಬಾಗಿಲಿನಿಂದಲೇ ಕೂಗುತ್ತಿದ್ದರು: "ಬಾರಪಾ ಪೇಪರಪ್ಪ, ಏನ್ ಬರದಿ ನಮ್ಮ ಹುಡುಗರ ಬಗ್ಗೆ?"

ನಮ್ಮ ಹುಡುಗರು ಎಂದರೆ ಕಂಪ್ಲಿಯ ಫುಟ್‌ಬಾಲ್ ತಂಡ. ಬಳ್ಳಾರಿಯ ದಂಡಿನ ಸಿಪಾಯಿಗಳು ಆಡುವುದನ್ನು ನೋಡಿ ಹೈಸ್ಕೂಲಿನ ಹುಡುಗರು ಊರಿಗೆ ತಂದ ಆಟ ಅದು. ಸಾಹುಕಾರರು ಒಂದು ದಿನವೂ ಚೆಂಡು ಒದ್ದವರಲ್ಲ. ತಂಡಕ್ಕೆ ಅಧ್ಯಕ್ಷರೂ ಅಲ್ಲ, ಕಾರ್ಯದರ್ಶಿಯೂ ಅಲ್ಲ. ಆದರೆ ಸುಗ್ಗಿ ಮುಗಿದ ಮೇಲೆ ತಂಡ ಆಡುತ್ತಿದ್ದದ್ದು ಕಾಲುವೆಯ ಕೆಳಗಿನ ಅವರ ಗದ್ದೆಯಲ್ಲಿ. ಆಟದ ಬಗ್ಗೆ ಊರಿಗೆ ಇದ್ದ ಅಭಿಪ್ರಾಯಗಳೆಲ್ಲ ಅವರ ಬಾಯಿಂದಲೇ ಹೊರಟವು.

ಮೊದಲನೆಯದು ಬೂಟಿನ ಬಗ್ಗೆ. ಸಂಡೂರಿನ ತಂಡಕ್ಕೆ ಬೂಟುಗಳಿದ್ದವು, ಹೊಸಪೇಟೆಯ ರೈಲ್ವೆಯವರಲ್ಲೂ ಅರ್ಧ ಜನಕ್ಕೆ ಇದ್ದವು. ನಮ್ಮವರದು ಬರಿಗಾಲು. "ಕಾಲಿಗೂ ಕಣ್ಣಿರ್ತಾವಪಾ," ಎನ್ನುತ್ತಿದ್ದರು ಸಾಹುಕಾರರು. "ಅವಕ್ಕ ಯಾಕ ತೊಗಲಿನ ಪಟ್ಟಿ ಕಟ್ಟಬೇಕು?" ಕಂಪ್ಲಿಯ ಸಣ್ಣ ಮಕ್ಕಳೂ ಈ ಮಾತನ್ನು ಹೇಳುತ್ತಿದ್ದವು.

ಎರಡನೆಯದು ಮಣ್ಣಿನ ಬಗ್ಗೆ. ಭತ್ತ ಕೊಯ್ದ ಗದ್ದೆಯಲ್ಲಿ ಉಳಿಯುವ ಕೂಳೆ ಉಳಿಯಂತೆ ಚೂಪಾಗಿರುತ್ತದೆ. ಅದರ ಮೇಲೆ ಓಡಿ ಗಟ್ಟಿಯಾದ ಕಾಲಿನ ಮುಂದೆ ಬೂಟು ಏನೂ ಅಲ್ಲ ಎಂಬುದು ಅವರ ನಂಬಿಕೆ. ಕಾಲು ಕೊಯ್ದರೆ ಅದೇ ಗದ್ದೆಯ ಮಣ್ಣನ್ನು ನೀರಲ್ಲಿ ಕಲಸಿ ಗಾಯಕ್ಕೆ ಮೆತ್ತಿಸುತ್ತಿದ್ದರು. ಬರಬರುತ್ತ ಅದೊಂದು ಪದ್ಧತಿಯೇ ಆಯಿತು. ಬೇರೆ ಊರಿಗೆ ಆಡಲು ಹೋಗುವ ಮುಂಚೆ ಗಾಯವಿದ್ದವರೂ ಇಲ್ಲದವರೂ ಸಾಲಾಗಿ ನಿಂತು ಪಾದಕ್ಕೆ ಆ ಮಣ್ಣು ಹಚ್ಚಿಕೊಂಡೇ ಬಸ್ಸು ಹತ್ತುತ್ತಿದ್ದರು. ಸರ್ಕಾರಿ ದವಾಖಾನೆಯ ಕಂಪೌಂಡರು ಒಮ್ಮೆ ನನ್ನೆದುರಿಗೇ ಹೇಳಿದರು: "ಸಾಹುಕಾರ್ರ, ಆ ಮಣ್ಣಾಗ ದನದ ಸಗಣಿ ಗೊಬ್ಬರ ಇರ್ತೈತಿ. ಗಾಯಕ್ಕ ಹೊಕ್ಕರ ಧನುರ್ವಾಯು ಆಗ್ತೈತ್ರಿ."

"ನಮ್ಮಜ್ಜ ಇದ ಗದ್ಯಾಗ ಹುಟ್ಟಿ ಇದ ಗದ್ಯಾಗ ಮುದುಕ ಆದ," ಎಂದರು ಸಾಹುಕಾರರು. "ನಿಮ್ಮ ಬಾಟ್ಲಿ ನೀವ ಇಟ್ಕೊಳ್ರಿ."

ಮೂರನೆಯ ಅಭಿಪ್ರಾಯ ಒಬ್ಬ ಹುಡುಗನ ಬಗ್ಗೆ. ಎಡಗಡೆಯ ಅಂಚಿನಲ್ಲಿ, ಲೆಫ್ಟ್ ಔಟ್ ಆಡುತ್ತಿದ್ದ ಅಂಬಿಗರ ಹುಡುಗ. ಬೆಳಗಿನ ಹೊತ್ತು ಹರಿಗೋಲಿನಲ್ಲಿ ಜನರನ್ನು ಹೊಳೆಯ ಆಚೆ ದಡದ ನಿಜಾಮರ ಸೀಮೆಗೆ ದಾಟಿಸುತ್ತಿದ್ದ. ತೆಳ್ಳನೆಯ ಮೈ, ಉದ್ದ ಕೈ. ನೇರ ಓಡದೆ ಚೆಂಡಿನ ಸುತ್ತ ತಿರುಗಿ ತಿರುಗಿ ಎದುರಾಳಿಯನ್ನು ದಾಟುವುದು ಅವನ ರೀತಿ. ಸಾಹುಕಾರರಿಗೆ ಅದು ಹಿಡಿಸುತ್ತಿರಲಿಲ್ಲ. ಗೆರೆಯ ಪಕ್ಕದಲ್ಲಿ, ಒಮ್ಮೊಮ್ಮೆ ಗೆರೆ ದಾಟಿ ಒಳಗೇ, ಅವನ ಜೊತೆ ಓಡುತ್ತ ಕೂಗುತ್ತಿದ್ದರು: "ಲೇ, ಹರಿಗೋಲಿನಂಗ ಸುತ್ತತೀಯಲ್ಲ, ದಡ ಯಾವಾಗ ಮುಟ್ಟತಿ?"

ಅವನೂ ಬಿಡುತ್ತಿರಲಿಲ್ಲ. "ದಡಾನ ನೀವು ಗೆರಿ ದಾಟಿ ಒಳಗ ತಂದು ನಿಲ್ಲಿಸೀರಿ, ಸಾಹುಕಾರ್ರ. ಸ್ವಲ್ಪ ಹಿಂದ ಸರೀರಿ, ಮುಟ್ಟತೀನಿ." ಜನ ನಗುತ್ತಿದ್ದರು. ಸಾಹುಕಾರರೂ ನಗುತ್ತಿದ್ದರು, ಮರುಕ್ಷಣ ಮತ್ತೆ ಬೈಯುತ್ತಿದ್ದರು.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಒಂದು ಚಳಿಗಾಲ ಸಂಡೂರಿನಲ್ಲಿ ಪಂದ್ಯವಿತ್ತು. ಅದಕ್ಕೆ ಕೆಲವು ದಿನ ಮೊದಲು ಅಭ್ಯಾಸ ಮಾಡುವಾಗ ಆ ಹುಡುಗನ ಬಲಗಾಲಿನ ಅಂಗಾಲಿಗೆ ಕೂಳೆ ಹೊಕ್ಕಿತ್ತು. ಮಣ್ಣು ಮೆತ್ತಿ ಬಟ್ಟೆ ಕಟ್ಟಿದ್ದರು. ಸಂಡೂರಿನಲ್ಲಿ ಅವನು ಕುಂಟುತ್ತಲೇ ಆಡಿದ. ಚೆಂಡು ಬಂದಾಗ ಎರಡು ಸಲ ಕಾಲೆತ್ತಲಾರದೆ ನಿಂತುಬಿಟ್ಟ. ನಾವು ಸೋತೆವು. ಎಲ್ಲರೂ ಕೇಳುವಂತೆ ಸಾಹುಕಾರರು ಅವನನ್ನು ಕೇಳಿದರು: "ಸಂಡೂರಿನವರ ಕಡಿಂದ ಏನ್ ತಿಂದೀಯಲೇ? ಹೇಳಿಬಿಡು."

 ಅವನು ಕೂತು ಕಾಲಿನ ಬಟ್ಟೆ ಬಿಚ್ಚಿ, ನೋಡಿ, ಮತ್ತೆ ಕಟ್ಟಿಕೊಂಡ.

ಎರಡು ದಿನ ಬಿಟ್ಟು ಬೆಳಿಗ್ಗೆ ಅವನ ತಾಯಿ ಮಿಲ್ಲಿಗೆ ಬಂದಳು. ಮಗ ರೊಟ್ಟಿ ತಿನ್ನಲು ಬಾಯಿ ತೆರೆಯುತ್ತಿಲ್ಲ ಎಂದಳು. ಕಂಪೌಂಡರು ನೋಡಿ ಬಂದವರು ಸಾಹುಕಾರರ ಮುಖ ನೋಡದೆ, ಬಳ್ಳಾರಿಗೆ ಒಯ್ಯಬೇಕು, ಸೂಜಿಮದ್ದು ಅಲ್ಲಿ ಮಾತ್ರ ಇದೆ ಎಂದರು. ಊರಿಗೆ ಬಂದಿದ್ದ ನಾನೂ ಜೊತೆಗೆ ಹೊರಟೆ.

ಹೊಸಪೇಟೆಯವರೆಗೆ ಬಸ್ಸು, ಅಲ್ಲಿಂದ ರೈಲು. ಪೆಟ್ರೋಲ್ ಸಿಗದ ಕಾಲವಾದ್ದರಿಂದ ಬಸ್ಸುಗಳ ಹಿಂದೆ ಇದ್ದಿಲ ಒಲೆ ಕಟ್ಟಿ ಅದರ ಹೊಗೆಯಲ್ಲಿ ಓಡಿಸುತ್ತಿದ್ದರು. ಏರು ಬಂದರೆ ಬಸ್ಸು ನಿಲ್ಲುತ್ತಿತ್ತು. ಯಾರಾದರೂ ಇಳಿದು ಗಾಳಿ ಊದುವ ತಿದಿಯ ಹಿಡಿ ತಿರುವಿ ಕೆಂಡ ಕೆರಳಿಸಬೇಕು. ಆ ದಿನ ಪ್ರತಿ ಸಲವೂ ಇಳಿದು ತಿರುವಿದವರು ಸಾಹುಕಾರರು. ಅವರ ಧೋತರ, ಕೋಟು, ಮುಖ ಎಲ್ಲ ಮಸಿ. "ಇನ್ನೂ ಹಾಕು, ಇನ್ನೂ ಹಾಕು," ಎಂದು ಕ್ಲೀನರನಿಗೆ ಇದ್ದಿಲು ಸುರಿಯಲು ಹೇಳುತ್ತಿದ್ದರು. ಹೇಳುತ್ತಿದ್ದದ್ದು ಪಿಸುಮಾತಿನಲ್ಲಿ.

ಕಾರಣವಿತ್ತು. ಆ ಕಾಯಿಲೆಯವರಿಗೆ ಸದ್ದಾದರೆ ಸಾಕು, ಮೈಯೆಲ್ಲ ಸೆಟೆದು ಬಿಲ್ಲಿನಂತೆ ಬಾಗುತ್ತದೆ. ಹಾರ್ನ್ ಕೇಳಿದರೂ, ಬಾಗಿಲು ಬಡಿದರೂ, ಯಾರಾದರೂ ಜೋರಾಗಿ ಮಾತಾಡಿದರೂ ಅವನು ಸೆಟೆಯುತ್ತಿದ್ದ. ಎಚ್ಚರ ಮಾತ್ರ ಪೂರ್ತಿ ಇತ್ತು; ಕಣ್ಣು ನಮ್ಮನ್ನು ನೋಡುತ್ತಿತ್ತು. ಸಾಹುಕಾರರು ಹಾರ್ನ್ ಹಾಕಬೇಡಿರೆಂದು ಡ್ರೈವರನಿಗೆ ಕೈಮುಗಿದರು. ಸಂತೆಗೆ ಹೊರಟ ಹೆಂಗಸರ ಮುಂದೆ ತುಟಿಗೆ ಬೆರಳಿಟ್ಟು ನಿಂತರು. ಆ ಮನುಷ್ಯ ಯಾರನ್ನಾದರೂ ಸುಮ್ಮನಿರಿ ಎಂದದ್ದನ್ನು ನಾನು ಕಂಡದ್ದು ಅದೇ ಮೊದಲು.

ಬಳ್ಳಾರಿಯಲ್ಲಿ ಡಾಕ್ಟರು ಸೂಜಿಮದ್ದು ಕೊಟ್ಟರು, ತಡವಾಗಿದೆ ಎಂದೂ ಹೇಳಿದರು. ಕಿಟಕಿಗಳಿಗೆ ಕಂಬಳಿ ಹಾಕಿ ಕತ್ತಲು ಮಾಡಿದ ಕೋಣೆ. ಒಳಗೆ ಒಬ್ಬರೇ ಇರಬೇಕು, ಮಾತು ಆಡಕೂಡದು. ತಾಯಿ ಒಳಗಿದ್ದಳು. ಅವಳು ನೀರಿಗೆಂದು ಹೊರಬಂದಾಗ ಸಾಹುಕಾರರು ಒಳಗೆ ಹೋದರು. ಬಾಗಿಲ ಸಂದಿಯಿಂದ ನನಗೆ ಕಾಣುತ್ತಿತ್ತು. ಮಂಚದ ಪಕ್ಕ ಮೊಣಕಾಲೂರಿ ಕೂತರು. ಹುಡುಗ ಅವರನ್ನೇ ನೋಡುತ್ತಿದ್ದ. ಅವರು ಬಾಯಿ ತೆರೆದರು, ಮುಚ್ಚಿದರು. ಇನ್ನೊಮ್ಮೆ ತೆರೆದರು. ಏನೋ ಒಂದು ಅಕ್ಷರ ಹೊರಟಿರಬೇಕು, ಹುಡುಗನ ಬೆನ್ನು ಹಾಸಿಗೆಯಿಂದ ಮೇಲೆದ್ದಿತು. ಸಾಹುಕಾರರು ಎರಡೂ ಕೈಯಿಂದ ತಮ್ಮ ಬಾಯಿ ಮುಚ್ಚಿಕೊಂಡು ಹಿಂದೆ ಹಿಂದೆ ಸರಿದು ಹೊರಗೆ ಬಂದರು.

"ಹೇಳಾಕ ಆಗ್ಲಿಲ್ಲಪಾ," ಎಂದರು ನನಗೆ. "ನನ್ನ ದನಿ ಕೇಳಿದ್ರ ಸಾಯ್ತಾನ ಅವ."

ಮರುದಿನ ಮಧ್ಯಾಹ್ನ ಅವನು ತೀರಿಕೊಂಡ.

ಊರಿಗೆ ಬಂದ ಮೇಲೆ ಸಾಹುಕಾರರು ತಂಡವನ್ನು ಮಿಲ್ಲಿನ ಅಂಗಳಕ್ಕೆ ಕರೆಸಿದರು. ಎಂಜಿನ್ನು ನಿಲ್ಲಿಸಿದ್ದರು. ಬೂಟಿನ ಬಗ್ಗೆ ತಾವು ಹೇಳಿದ್ದು ತಪ್ಪು, ಮಣ್ಣಿನ ಬಗ್ಗೆ ಹೇಳಿದ್ದು ತಪ್ಪು, ಆ ಹುಡುಗನ ಬಗ್ಗೆ ಹೇಳಿದ್ದು ಎಲ್ಲಕ್ಕಿಂತ ದೊಡ್ಡ ತಪ್ಪು ಎಂದು ಒಂದೊಂದಾಗಿ ಹೇಳಿದರು. ಹುಡುಗರು ತಲೆ ತಗ್ಗಿಸಿ ಕೇಳಿದರು, ಹೊರಟುಹೋದರು. ಮುಂದಿನ ಮಳೆಗಾಲದಲ್ಲಿ ಸಾಹುಕಾರರು ಹೊಸಪೇಟೆಯ ಚಮ್ಮಾರರಿಂದ ಇಡೀ ತಂಡಕ್ಕೆ ಬೂಟು ಹೊಲಿಸಿ ತಂದರು. ಹುಡುಗರು ಒಂದು ಸಂಜೆ ಹಾಕಿಕೊಂಡು ಆಡಿ, ಜಾರಿ ಬಿದ್ದು, ಹಿಮ್ಮಡಿಯ ಬೊಕ್ಕೆ ತೋರಿಸಿ ಮಿಲ್ಲಿನ ಮೂಲೆಯಲ್ಲಿ ಬಿಟ್ಟುಹೋದರು.

ತಂಡದ ನಾಯಕ ಗೋಲು ಕಾಯುವ ಹುಡುಗ. ಸಾಹುಕಾರರು ಅವನ ಮನೆಗೇ ಹೋಗಿ, ಬೂಟು ಹಾಕಿಕೊಳ್ಳಿರೆಂದು ಕೇಳಿದರು. ನಾನೂ ಜೊತೆಗಿದ್ದೆ.

"ಕಾಲಿಗೆ ಕಣ್ಣಿರ್ತಾವ ಅಂತ ಹೇಳಿದವರು ನೀವಲ್ರಿ?" ಎಂದ ಅವನು.

"ಸುಳ್ಳು ಹೇಳಿದೆ. ಕಾಲಿಗೆ ಕಣ್ಣಿಲ್ಲ. ನನಗೂ ಇರಲಿಲ್ಲ."

"ಈಗ ಬೂಟು ಹಾಕ್ಕೊಂಡ್ರ ನಮ್ಮ ಹುಡುಗ ಸುಮ್ಮನ ಸತ್ತಂಗ ಆಗ್ತೈತ್ರಿ. ಅವ ಬರಿಗಾಲಾಗ ಆಡಿದ. ನಾವೂ ಹಂಗ ಆಡತೀವಿ."

"ಅವ ಸುಮ್ಮನ ಸತ್ತದ್ದು, ತಮ್ಮಾ," ಎಂದರು ಸಾಹುಕಾರರು. "ಅದನ್ನ ನಾ ಹೇಳಾಕ ಬಂದದ್ದು."

ನಾಯಕ ಎದ್ದು ಒಳಗೆ ಹೋದ. ತಾವೇ ಊರಿಗೆ ಕಲಿಸಿದ ಮಾತನ್ನು ಊರಿನಿಂದ ವಾಪಸು ಪಡೆಯಲು ಅವರು ಮನೆಮನೆಗೆ ಅಲೆದರು. ಆಟಗಾರರ ಅಪ್ಪಂದಿರಿಗೆ ಹೇಳಿದರು, ಮೇಷ್ಟ್ರಿಗೆ ಹೇಳಿದರು. ಹುಡುಗ ಹೋದ ಮೇಲೆ ಸಾಹುಕಾರರ ಬುದ್ಧಿ ಒಂಚೂರು ಹೆಚ್ಚುಕಮ್ಮಿ ಆಗಿದೆ ಎಂದು ಜನ ಮಾತಾಡಿಕೊಂಡರು. ಅವರ ಕಣ್ಣು ತಪ್ಪಿಸಿ ಬೇರೆಯವರ ಗದ್ದೆಯಲ್ಲಿ ಅಭ್ಯಾಸ ನಡೆಯಿತು. ಮಣ್ಣು ಹಚ್ಚುವುದೂ ನಡೆಯಿತು, ಈಗ ಸತ್ತವನ ಹೆಸರು ಹೇಳಿ.

ಆ ವರ್ಷದ ಸುಗ್ಗಿಯಾದ ಮೇಲೆ ಸಂಡೂರಿನವರು ಕಂಪ್ಲಿಗೆ ಆಡಲು ಬರುವವರಿದ್ದರು. ಅಷ್ಟು ಜನ ನಿಲ್ಲುವ ಜಾಗ ಸಾಹುಕಾರರ ಗದ್ದೆ ಬಿಟ್ಟರೆ ಇನ್ನೊಂದಿರಲಿಲ್ಲ. ಅವರು ಬೇಡವೆನ್ನಲಿಲ್ಲ. ಪಂದ್ಯದ ದಿನ ಬೆಳಿಗ್ಗೆ ಜನ ಹೋಗಿ ನೋಡಿದರೆ ಗದ್ದೆಯ ತುಂಬ ನೀರು. ಕಾಲುವೆಯ ಏರಿಯನ್ನು ಸಲಿಕೆಯಿಂದ ಕಡಿದು, ಮೊಣಕಾಲುದ್ದ ನೀರಿನ ನಡುವೆ ಸಾಹುಕಾರರು ನಿಂತಿದ್ದರು. ಗೋಲಿನ ಕಂಬಗಳು ಕೆರೆಯಲ್ಲಿ ನಿಂತಂತೆ ಕಾಣುತ್ತಿದ್ದವು. ಸಂಡೂರಿನ ಬಸ್ಸು ಬಂತು, ಅವರು ಇಳಿದು ನೋಡಿದರು, ಕೆಲವರು ನಕ್ಕರು.

ನಮ್ಮವರು ನಗಲಿಲ್ಲ. ಏರಿಯ ಮೇಲಿಂದ ಯಾರೋ ಕೂಗಿದರು: "ಸಂಡೂರಿನವರ ಕಡಿಂದ ಏನ್ ತಿಂದ್ರಿ, ಸಾಹುಕಾರ್ರ?"

ಅವರು ಆ ಕಡೆ ತಿರುಗಿ, "ಬೈರಿ," ಎಂದರು. "ಎಷ್ಟಾರ ಬೈರಿ. ಇವತ್ತು ಇದರಾಗ ಯಾರೂ ಕಾಲಿಡಂಗಿಲ್ಲ." ಒಂದು ಮಣ್ಣಿನ ಹೆಂಟೆ ಹಾರಿ ಬಂದು ಭುಜಕ್ಕೆ ಬಡಿಯಿತು. ಅವರು ಸಲಿಕೆ ಬಿಡಲಿಲ್ಲ.

ಅದೇ ಸಂಜೆ ನನ್ನ ಬಳಿ ಬಂದು, ತಮ್ಮ ತಪ್ಪನ್ನು ಪತ್ರಿಕೆಯಲ್ಲಿ ಹಾಕು ಎಂದರು. ಬರೆದು ಓದಿ ತೋರಿಸಿದೆ. ತಿಳಿವಳಿಕೆಯಿಲ್ಲದೆ ಹೀಗೆಲ್ಲ ಹೇಳಿದೆ ಎಂಬ ಒಂದು ಮಾತನ್ನು ನಾನೇ ಸೇರಿಸಿದ್ದೆ.

"ಅದನ್ನ ಹೊಡಿ," ಎಂದರು. "ಕಂಪೌಂಡರು ತಿಳಿಸಿದ್ರು. ನಾ ಕೇಳಲಿಲ್ಲ. ಹಂಗ ಬರಿ."

ಹಾಗೆಯೇ ಅಚ್ಚಾಯಿತು. ಕಂಪ್ಲಿಯಲ್ಲಿ ಅದನ್ನು ಓದಿದವರು ಅವರ ಜೊತೆ ಮಾತು ಬಿಟ್ಟರು, ಓದದವರು ಮೊದಲೇ ಬಿಟ್ಟಿದ್ದರು. ಆಮೇಲೆ ಪ್ರತಿ ವರ್ಷ ಸುಗ್ಗಿಯಾದ ಕೂಡಲೇ ಅವರು ಗದ್ದೆಗೆ ನೀರು ಬಿಡುತ್ತಿದ್ದರು. ಅಕ್ಕಪಕ್ಕದ ಹೊಲದವರ ಕೈಕಾಲು ಹಿಡಿದು ಅವರಿಂದಲೂ ಬಿಡಿಸಿದರು. ಬೇರೆ ದಾರಿಯಿಲ್ಲದೆ ತಂಡ ಕೋಟೆಯ ಹತ್ತಿರದ ಬರಡು ನೆಲಕ್ಕೆ ಹೋಯಿತು. ಅಲ್ಲಿ ಕೂಳೆ ಇರಲಿಲ್ಲ. ಬೂಟು ಮಾತ್ರ ಹುಡುಗರು ಹಾಕಲೇ ಇಲ್ಲ. ಇನ್ನೊಬ್ಬ ಆಟಗಾರನಿಗೆ ಆ ಕಾಯಿಲೆ ಬಂದದ್ದನ್ನು ನಾನು ಕೇಳಿಲ್ಲ. ಅದು ಸಾಹುಕಾರರಿಂದ ಆಯಿತೋ, ತಾನಾಗಿ ಆಯಿತೋ, ನನ್ನ ಬಳಿ ಪುರಾವೆಯಿಲ್ಲ.

ಆಟದ ದಿನ ಸಾಹುಕಾರರು ಮಿಲ್ಲಿನ ಎಂಜಿನ್ನು ಚಾಲೂ ಮಾಡಿಸಿ ಅದರ ಪಕ್ಕದಲ್ಲೇ ಕೂತಿರುತ್ತಿದ್ದರು. ಕೋಟೆಯ ಕಡೆಯ ಕೂಗು ಕೇಳಿಸಬಾರದೆಂದು ಇರಬೇಕು.

ಕೆಲವು ವರ್ಷಗಳ ಮೇಲೆ ಸಾಹುಕಾರರು ಹಾಸಿಗೆ ಹಿಡಿದಾಗ ಆ ಹುಡುಗನ ತಾಯಿ ಒಂದು ದಿನ ಬಂದಳು. ಅವರು ಗೋಡೆಗೊರಗಿ ಎದ್ದು ಕೂತು, ಬಳ್ಳಾರಿಯಲ್ಲಿ ಹೇಳಲಾಗದ್ದನ್ನೆಲ್ಲ ಅವಳಿಗೆ ಹೇಳಿದರು. ಅವನ ಕಾಲು ನೋವೆಂದು ನನಗೆ ಗೊತ್ತಿತ್ತು, ಗೊತ್ತಿದ್ದೂ ಬೈದೆ ಎಂದರು. ಅವನ ಹಾಗೆ ಚೆಂಡು ಆಡಿಸುವವರು ಸುತ್ತಿನ ನಾಲ್ಕು ಊರಲ್ಲಿ ಇರಲಿಲ್ಲ, ಅದೂ ಗೊತ್ತಿತ್ತು ಎಂದರು. ಅವಳು ಪೂರ್ತಿ ಕೇಳಿದಳು.

"ಅವಂಗ ಹೇಳಬೇಕಿತ್ರಿ ಇದನ್ನ," ಎಂದಳು.

"ಹೌದವ್ವ."

ಅವಳು ಸೆರಗು ಸರಿಮಾಡಿಕೊಂಡು ಎದ್ದುಹೋದಳು. ಆ ವಾರವೇ ಅವರು ತೀರಿಕೊಂಡರು.

ಸಾವಿನ ಸುದ್ದಿಯನ್ನು ನಾನೇ ಬರೆದೆ. ಊರು, ವೃತ್ತಿ, ಮಕ್ಕಳು, ಜೊತೆಗೆ ಫುಟ್‌ಬಾಲ್ ತಂಡದ ಬಗ್ಗೆ ಅವರು ಒಪ್ಪಿಕೊಂಡ ತಪ್ಪುಗಳು. ಅವರ ಹಿರಿಯ ಮಗ ಹೊಸಪೇಟೆಗೆ ಬಂದು ಓದಿ ನೋಡಿ, "ಸತ್ತವರ ಬಗ್ಗೆ ಇದೆಲ್ಲಾ ಯಾಕ್ರಿ? ಅಷ್ಟು ತೆಗೀರಿ, ಕೈ ಮುಗೀತೀನಿ," ಎಂದ.

 ನಾನು ತೆಗೆಯಲಿಲ್ಲ. ಆ ಸಾಲುಗಳನ್ನು ಊರು ನಂಬಲೆಂದು ಸಾಹುಕಾರರು ಬಾಗಿಲು ಬಾಗಿಲಿಗೆ ಹೋಗಿ ಬೇಡಿದ್ದರು.