ಪರೀಕ್ಷೆ ಮುಗಿಯುವವರೆಗಿನ ಮನೆ

ನನ್ನ ಮೇಲೆ ದಾವೆ ಹೂಡಿದ್ದ ಮನೆ ಮಾಲೀಕರೂ ನಾನೂ ಹೈಕೋರ್ಟಿಗೆ ಒಂದೇ ರೈಲಿನಲ್ಲಿ ಹೋಗುತ್ತಿದ್ದೆವು. ವಡೋದರಾದಿಂದ ಹೊರಟು ಕೋರ್ಟಿನ ವೇಳೆಗೆ ಸರಿಯಾಗಿ ಅಹಮದಾಬಾದ್ ಮುಟ್ಟಿಸುವ ಗಾಡಿ ನಮ್ಮಿಬ್ಬರಿಗೂ ಅದೇ. ಮೊದಲ ಸಲ ನಾನು ಬೇಕೆಂದೇ ಬೇರೆ ಡಬ್ಬಿ ಹತ್ತಿದೆ. ಆಣಂದ್ ಸ್ಟೇಷನ್ ಬರುವಷ್ಟರಲ್ಲಿ ಅವರು ನನ್ನನ್ನು ಹುಡುಕಿಕೊಂಡು ಬಂದು, ಪಕ್ಕದವರನ್ನು ಸರಿಸಿ ಕೂತು, ಮೆಂತ್ಯದ ರೊಟ್ಟಿ ಠೇಪ್ಲಾದ ಪೊಟ್ಟಣ ಬಿಚ್ಚಿದರು. ಎದುರು ಪಕ್ಷದ ಠೇಪ್ಲಾ ತಿಂದರೆ ಕೇಸು ದುರ್ಬಲವಾಗುತ್ತದೆಯೇ ಎಂದು ವಕೀಲರನ್ನು ಕೇಳಬೇಕಿತ್ತು. ಕೇಳುವ ಮೊದಲೇ ಎರಡು ತಿಂದಿದ್ದೆ.

ಅವರು ಕೆಟ್ಟವರಲ್ಲ. ಅಲ್ಕಾಪುರಿ ಬಡಾವಣೆಯ ಆ ಮನೆಯಲ್ಲಿ ಅವರು ಕೆಳಗೆ, ನಾವು ಮೇಲೆ. ಮಗನ ಮದುವೆ ಮಾಡಬೇಕೆಂದು ಮೇಲಿನ ಮನೆ ಕೇಳಿದ್ದರು. ದಾವೆ ನಡೆಯುತ್ತಿರುವಾಗಲೇ ಮದುವೆಯಾಗಿ, ಮೊಮ್ಮಗು ಅಂಬೆಗಾಲಿಟ್ಟುಕೊಂಡು ನಮ್ಮ ಮೆಟ್ಟಿಲು ಹತ್ತಲು ಕಲಿಯುತ್ತಿತ್ತು.

ತಪ್ಪೆಲ್ಲ ಹುಬ್ಬಳ್ಳಿಯದು. ನಾನು ವಿಮಾ ಕಚೇರಿಯವನು. ನಿವೃತ್ತಿಯಾದ ಮೇಲೆ ಬೇಕಾದೀತೆಂದು ಅಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿ ಬೀಗ ಹಾಕಿ ಬಂದಿದ್ದೆ. ಬಾಡಿಗೆದಾರನಿಗೆ ತಕ್ಕ ಮನೆ ಬೇರೆಡೆ ಸಿಕ್ಕರೆ ಬಾಡಿಗೆ ಮನೆ ಬಿಡಬೇಕೆಂದು ಗುಜರಾತಿನ ಬಾಡಿಗೆ ಕಾನೂನು ಹೇಳುತ್ತಿತ್ತು. ವಡೋದರಾದ ಕೆಳಗಿನ ಕೋರ್ಟೂ ಅದರ ಮೇಲಿನ ಅಪೀಲಿನ ಕೋರ್ಟೂ ನನಗೆ ಮನೆಯಿದೆ ಎಂದು ತೀರ್ಮಾನಿಸಿದವು. ಹುಬ್ಬಳ್ಳಿಯಲ್ಲಿ ಮಲಗೆದ್ದು ವಡೋದರಾದ ಕಚೇರಿಯಲ್ಲಿ ಹಾಜರಿ ಹಾಕುವುದು ಹೇಗೆಂದು ಯಾರೂ ಕೇಳಲಿಲ್ಲ. ಮಗಳು ಆಗ ಹತ್ತನೇ ತರಗತಿ, ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ಹೈಕೋರ್ಟಿನ ತಾತ್ಕಾಲಿಕ ತಡೆಯಾಜ್ಞೆಯೊಂದೇ ನಮ್ಮ ಸೂರು. ಅದು ಬಿದ್ದರೆ ಪರೀಕ್ಷೆಗೆ ಮೊದಲೇ ಸಾಮಾನು ಕಟ್ಟಬೇಕು.

ಅಹಮದಾಬಾದಿನ ವಕೀಲರಿಗೆ ಇದೆಲ್ಲ ಹೇಳಲು ಹೋದೆ. ಅವರು ಕೈ ಎತ್ತಿ ತಡೆದರು. ನಡೆದದ್ದೇನು ಎಂಬುದು ವಡೋದರಾದಲ್ಲೇ ಮುಗಿದುಹೋಯಿತು, ಇಲ್ಲಿ ನೋಡುವುದು ಕೆಳಗಿನ ಕೋರ್ಟುಗಳು ಕಾನೂನನ್ನು ಸರಿಯಾಗಿ ಹಚ್ಚಿವೆಯೇ ಎಂದಷ್ಟೇ ಅಂದರು. ಅಂದರೆ ನನ್ನ ಕಥೆಯಲ್ಲಿ ನನಗಿನ್ನು ಕೆಲಸವಿಲ್ಲ. ಹಾಗಾದರೆ ಪ್ರತಿ ಸಲ ನಾನೇಕೆ ಬರಬೇಕು ಎಂದು ಕೇಳಲು ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಸೂರತ್ತಿನದೊಂದು ತೀರ್ಪು ಬಂತು. ಅಲ್ಲಿಯ ಬಾಡಿಗೆದಾರನೊಬ್ಬನಿಗೆ ಹಜೀರಾದ ಕಂಪನಿ ಕಾಲೊನಿಯಲ್ಲಿ ಕ್ವಾರ್ಟರ್ಸ್ ಸಿಕ್ಕಿತ್ತು. ಅವನ ಸಂಸಾರಕ್ಕೆ ಅದು ತಕ್ಕದ್ದೋ ಅಲ್ಲವೋ ನೋಡದೆ ಹೊರಹಾಕುವಂತಿಲ್ಲ ಎಂದು ಹೈಕೋರ್ಟು ಹೇಳಿತ್ತಂತೆ. ನಮ್ಮ ವಕೀಲರು ಜೆರಾಕ್ಸ್ ಕೊಟ್ಟು ಬೆನ್ನು ತಟ್ಟಿದರು. ಮರುಸಲ ರೈಲಿನಲ್ಲಿ ಮಾಲೀಕರು ಚೀಲದಿಂದ ಅದೇ ಜೆರಾಕ್ಸ್ ತೆಗೆದು, ಕೇಸು ತಮ್ಮ ಕಡೆ ವಾಲಿದೆ ಎಂದು ತಮ್ಮ ವಕೀಲರು ಹೇಳಿದ್ದಾಗಿ ಸಂಕೋಚದಿಂದಲೇ ತಿಳಿಸಿದರು. ಒಂದೇ ಬೆಂಚಿನ ಮೇಲೆ ಕೂತು ಇಬ್ಬರೂ ಓದಿದೆವು. ಅವರು ತೋರಿಸಿದ ಸಾಲು ಓದಿದರೆ ಅವರೇ ಗೆದ್ದಂತಿತ್ತು, ನಾನು ತೋರಿಸಿದ್ದು ಓದಿದರೆ ನಾನು. ಕೊನೆಗೆ ಅವರು ಹಾಳೆ ಮಡಚಿ, "ಸೂರತ್‌ನವನ ಗತಿ ಏನಾಯ್ತೋ ಭಾಯಿ, ಪಾಪ" ಎಂದರು.

ವಿಚಾರಣೆಯ ದಿನ ನಮ್ಮ ವಕೀಲರು ಸೂರತ್ ಎಂದು ಬಾಯಿ ತೆರೆದರು. ನ್ಯಾಯಮೂರ್ತಿಗಳು, ಅದನ್ನು ತಳ್ಳಿಹಾಕಿ ಇಬ್ಬರು ನ್ಯಾಯಮೂರ್ತಿಗಳ ಪೀಠದ ಹೊಸ ತೀರ್ಪು ಬಂದಿದೆಯಲ್ಲ ಎಂದರು. ವಕೀಲರು ಕೈಯಲ್ಲಿದ್ದ ಜೆರಾಕ್ಸ್ ಮಡಚಿ ಫೈಲಿಗೆ ಸೇರಿಸಿದರು. ಆಮೇಲೆ, ಸೋಲುವುದಕ್ಕಾಗಿಯೇ ತಿಂಗಳುಗಟ್ಟಲೆ ತಯಾರಾದವರಂತೆ, ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ, ಮಗುವಿನ ಪರೀಕ್ಷೆ ಮುಗಿಯುವವರೆಗೆ ಸಮಯ ಕೊಟ್ಟರೆ ಸಾಕು ಎಂದುಬಿಟ್ಟರು. ಗೆಲ್ಲಲು ಬಂದವನನ್ನು ಒಂದು ಮಾತೂ ಕೇಳದೆ! ಎದುರು ವಕೀಲರು ತಮ್ಮ ಧರ್ಮವೆಂಬಂತೆ ಆಕ್ಷೇಪಿಸಲು ಎದ್ದರು. ಹಿಂದಿನ ಸಾಲಿನಿಂದ ನಮ್ಮ ಮಾಲೀಕರು ಅವರ ಕರಿ ಗೌನನ್ನು ಹಿಡಿದು ಜಗ್ಗಿದರು, ಮದುವೆ ಮನೆಯಲ್ಲಿ ಬಡಿಸುವವನ ಧೋತರ ಜಗ್ಗುವ ಹಾಗೆ. ವಕೀಲರು ಬಗ್ಗಿ ಕೇಳಿಸಿಕೊಂಡು, ನೆಟ್ಟಗಾಗಿ, ನಮ್ಮ ತಕರಾರಿಲ್ಲ ಎಂದರು. ಅಷ್ಟೇ. ಮುಂದಿನ ಕೇಸು ಕೂಗಿದರು.

ಹೊರಗೆ ಬಂದಾಗ ನಮ್ಮ ವಕೀಲರು ನಗುತ್ತಿದ್ದರು. ಅವರ ವಕೀಲರೂ ನಗುತ್ತಿದ್ದರು. ಈ ಹೈಕೋರ್ಟಿನಲ್ಲಿ ಬಾಡಿಗೆದಾರರು ಸಾಧಾರಣವಾಗಿ ಗೆಲ್ಲುವುದು ಹೀಗೇ ಎಂದು ನಮ್ಮವರು ಸಮಾಧಾನ ಹೇಳಿದರು. ವಾಪಸಿನ ರೈಲಿನಲ್ಲಿ ನಾನು ಮಾಲೀಕರನ್ನೇ ಕೇಳಿದೆ, ಈಗ ನಾನು ಸೋತ ಹಾಗಾಯಿತೇ ಎಂದು. ಅವರು, ತಮಗೂ ಸರಿಯಾಗಿ ತಿಳಿಯಲಿಲ್ಲ, ನಾಳೆ ತಮ್ಮ ವಕೀಲರನ್ನು ಕೇಳುತ್ತೇನೆ ಎಂದರು.

ಮನೆಗೆ ಬಂದು ಹೆಂಡತಿಗೆ ಎಲ್ಲ ವಿವರಿಸತೊಡಗಿದೆ. ಇಬ್ಬರ ಪೀಠದವರೆಗೆ ತಾಳ್ಮೆಯಿಂದ ಕೇಳಿದಳು.

"ಅದೆಲ್ಲ ಇರ್ಲಿ. ಗೆದ್ರ್ಯೋ ಸೋತ್ರ್ಯೋ, ಅಷ್ಟ ಹೇಳ್ರಿ."

"ಪರೀಕ್ಷಾ ಮುಗಿಯೋ ತನಕಾ ಇರಬೌದು."

ಮಗಳು ಒಳಗಿನಿಂದಲೇ, "ಬಸ್, ತೋ ಜೀತ್ ಗಯೇ ನಾ ಪಪ್ಪಾ" ಎಂದು ಗೆದ್ದೆವೆಂದೇ ತೀರ್ಮಾನಿಸಿ ಮತ್ತೆ ಪುಸ್ತಕಕ್ಕೆ ತಿರುಗಿದಳು.

ಆದರೆ ನನಗೆ ನೆಮ್ಮದಿಯೆಂದರೆ ಅಲರ್ಜಿ. ಸಮಯ ಸಿಕ್ಕಿದ್ದಕ್ಕೆ ನಾನು ಕೋರ್ಟಿಗೆ ಮುಚ್ಚಳಿಕೆ ಬರೆದುಕೊಡಬೇಕಿತ್ತು: ಹೊತ್ತಿಗೆ ಸರಿಯಾಗಿ ಬಿಡುತ್ತೇನೆ, ಅಲ್ಲಿಯವರೆಗೆ ಮೂರನೆಯವರನ್ನು ಮನೆಯೊಳಗೆ ಸೇರಿಸುವುದಿಲ್ಲ. ಸಹಿ ಹಾಕಿ ಬಂದ ಮೇಲೆ ನೆನಪಾಯಿತು, ಮೊಮ್ಮಗಳ ಪರೀಕ್ಷೆಗೆಂದು ಅತ್ತೆ ಹುಬ್ಬಳ್ಳಿಯಿಂದ ಟಿಕೆಟು ಮಾಡಿಸಿದ್ದಾರೆ. ಅತ್ತೆ ಮೂರನೆಯವರೋ ಅಲ್ಲವೋ? ಹೆಂಡತಿಯನ್ನು ಕೇಳುವ ಪ್ರಶ್ನೆಯಲ್ಲ. ವಕೀಲರಿಗೆ ಫೋನು ಮಾಡಿದರೆ ಅವರು ನಕ್ಕು ಇಟ್ಟರು. ಎರಡು ದಿನ ಒದ್ದಾಡಿ ಕೆಳಗೆ ಮಾಲೀಕರ ಬಳಿಗೇ ಹೋದೆ. ಅವರು ಕೂತು ತೂಗುತ್ತಿದ್ದ ಜೋಕಾಲಿ ನಿಲ್ಲಿಸಿ, ನನ್ನನ್ನು ಕನಿಕರದಿಂದ ನೋಡಿ, "ಬಾ ನೇ ಬೋಲಾವೋ, ಭಾಯಿ" ಎಂದರು. ಅಮ್ಮನನ್ನು ಕರೆಸು.

ಅತ್ತೆ ಬಂದರು. ಗಣಿತದ ಪರೀಕ್ಷೆಯ ಹಿಂದಿನ ದಿನ ನಾನು ಕಚೇರಿಯಿಂದ ಬಂದಾಗ, ಕೆಳಗಿನ ಮನೆಯ ಸೊಸೆ ನಮ್ಮ ನಡುಮನೆಯಲ್ಲಿದ್ದಳು. ಪರದೆ ಹೊಲಿಸಬೇಕಂತೆ, ಕಿಟಕಿಯ ಅಳತೆಗೆ ಬಂದಿದ್ದಳು. ಓದುವವಳಿಗೆ ತೊಂದರೆಯಾಗದಿರಲೆಂದು ಪಿಸುದನಿಯಲ್ಲಿ ಮಾತಾಡುತ್ತಿದ್ದಳು. ಟೇಪಿನ ಇನ್ನೊಂದು ತುದಿಯನ್ನು ನನ್ನ ಮಗಳೇ ಹಿಡಿದು ನಿಂತಿದ್ದಳು, ಒಂದು ಕೈಯಲ್ಲಿ ಸೂತ್ರಗಳ ಹಾಳೆ. ಅವಳ ಮಗು ನನ್ನ ಅತ್ತೆಯ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಗಡುವಿಗೆ ಮೊದಲೇ ಸ್ವಾಧೀನ ಬಿಟ್ಟುಕೊಟ್ಟ ಹಾಗಾಯಿತೇ, ಅಥವಾ ನಾನೇ ಮೂರನೆಯವರನ್ನು ಸೇರಿಸಿದ ಹಾಗಾಯಿತೇ ಎಂದು ಯೋಚಿಸುತ್ತ ನಾನು ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತಿದ್ದೆ.